ಸೆಳೆತವಿಲ್ಲದ ನೀರು

"ಇಳಿಸಿ."

ನಾಲ್ವರು ಆಗಲೇ ಬಗ್ಗಿ ಚಟ್ಟಕ್ಕೆ ಕೈಹಾಕಿದ್ದರು. ಒಂದು ಮೂಲೆ ಮೊಣಕಾಲಿನವರೆಗೆ ಮೇಲೆದ್ದೂ ಆಗಿತ್ತು. ಅಡುಗೆಮನೆಯಿಂದ ದಾಪುಗಾಲು ಹಾಕಿಕೊಂಡು ಬಂದವಳು, ಹೆಗಲ ಮೇಲಿನ ಒದ್ದೆ ಟವೆಲನ್ನೂ ತೆಗೆಯದೆ, ಗಂಡನ ಎದೆಗೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಅಂಗೈ ಊರಿ ನಿಂತಳು.

"ಇಳಿಸಿ ಅಂದೆ. ಇವರು ಈಗ ಎಲ್ಲಿಗೂ ಹೊರಡಲ್ಲ."

ಎತ್ತಲು ಬಂದವರೆಲ್ಲ ಟಗ್ಗಿನ ಜನ. ಬಂದರಿಗೆ ಬರುವ ಬೆಟ್ಟದಂಥ ಹಡಗುಗಳಿಗೆ ಹಗ್ಗ ಕಟ್ಟಿ, ಎಳೆದು, ನೂಕಿ ದಡದ ಧಕ್ಕೆಗೆ ಸೇರಿಸುವ ಗಿಡ್ಡ ಗಟ್ಟಿ ದೋಣಿಗಳೇ ಟಗ್ಗುಗಳು. ಎಂಥ ಗಾಳಿಯಲ್ಲೂ ಹಿಡಿದ ಹಗ್ಗ ಬಿಡದ ಆ ಗಂಡಸರು ಅವಳ ಮುಖ ನೋಡಿ, ಮೇಲೆದ್ದ ಮೂಲೆಯನ್ನು ಸದ್ದಿಲ್ಲದೆ ನೆಲಕ್ಕೆ ಇಳಿಸಿದರು.

ಮೈದುನ ಓಡಿ ಬಂದ. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ಬೆಳಗಿನಿಂದ ಅಣ್ಣನ ಸಾವನ್ನು ತಾನೊಬ್ಬನೇ ತಲೆಯ ಮೇಲೆ ಹೊತ್ತವನಂತೆ ಓಡಾಡುತ್ತಿದ್ದ.

"ಏನತ್ತಿಗೆ ಇದು? ವ್ಯಾನಿನವನು ಆಗ್ಲಿಂದ ಹಾರ್ನ್ ಹೊಡೀತಿದಾನೆ. ಬಿಸಿಲು ಬೇರೆ ಏರ್ತಿದೆ."

"ಏರ್ಲಿ. ಗೇಟಿನ ಬೋರ್ಡ್ ನೋಡಿದ್ಯಾ ನೀನು?"

ಬಂದರಿನ ನೌಕರರ ಮನೆಗಳ ಸಾಲು ಇರುವುದು ಬಂದರಿನ ಗೇಟಿಗೆ ಎದುರಾಗಿ. ಗೇಟಿನ ಪಕ್ಕದ ಗೋಡೆಗೆ ಒಂದು ಕರಿಹಲಗೆ. ಕೆಲಸದವರಲ್ಲಿ ಯಾರು ತೀರಿಕೊಂಡರೂ ಅದರ ಮೇಲೆ ಹೆಸರು, ಹೆಸರಿನ ಕೆಳಗೆ ಹುದ್ದೆ. ಬಂದವರಿಗೆ ಕೊಟ್ಟ ಕಾಫಿ ಲೋಟಗಳನ್ನು ತೊಳೆಯುತ್ತ ಅವಳು ಅಡುಗೆಮನೆ ಕಿಟಕಿಯಿಂದ ಸುಮ್ಮನೆ ಅತ್ತ ನೋಡಿದ್ದಳು. ಗಂಡನ ಹೆಸರಿನ ಕೆಳಗೆ ದುಂಡಗೆ ಬರೆದಿದ್ದರು: ಗೇಟ್ ಸಿಬ್ಬಂದಿ. ಕೈಯಲ್ಲಿದ್ದ ಲೋಟ ತೊಟ್ಟಿಗೆ ಬಿತ್ತು.

"ಮೂವತ್ತು ವರ್ಷ ಟಗ್ಗು ನಡೆಸಿದವರು. ಟಗ್ ಮಾಸ್ಟರ್ ಅಂತ ಬರೀಲಿ. ಆಮೇಲೆ ಎತ್ತಿ."

"ಹೋದವರು ಹೋದ್ರು ಅತ್ತಿಗೆ," ಮೈದುನ ದನಿ ತಗ್ಗಿಸಿದ. "ಕೊನೇಲಿ ಗೇಟಲ್ಲೇ ಇದ್ದಿದ್ದು ತಾನೇ? ಅಷ್ಟಕ್ಕೂ ಅದೊಂದು ಪದ. ಯಾರು ಓದ್ತಾರೆ?"

"ನಾನು ಓದ್ದೆನಲ್ಲ, ಸಾಲದಾ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲಪ್ಪ. ಹೋಗು, ಬರೆದೋನು ಯಾರು ಕೇಳ್ಕೊಂಡು ಬಾ."

ಅವನು ಗೊಣಗುತ್ತ ರಸ್ತೆ ದಾಟಿದ. ಟಗ್ಗಿನವರಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರೂ ಹಗ್ಗದಜ್ಜ ಎಂದು ಕರೆಯುವ ಮುದುಕ, ಮೊದಲಿಗೆ ಚಟ್ಟದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. "ಅಮ್ಮ ಹೇಳೋದು ಸರಿ," ಎಂದ, ಯಾರನ್ನೂ ನೋಡದೆ. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಇಡೀ ಅಂಗಳಕ್ಕೆ ಈಗ ನಿಂತವಳು ಅವಳೊಬ್ಬಳೇ.

ಮೈದುನ ಬೆವರು ಒರೆಸಿಕೊಳ್ಳುತ್ತ ಮರಳಿದ. "ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇಲ್ಲದವರನ್ನ ಮಾಸ್ಟರ್ ಅಂತ ಬರೆಯೋ ಹಾಗಿಲ್ಲವಂತೆ. ಪರೀಕ್ಷಕರು ಹೇಳಿದ್ರೆ ಮಾತ್ರ ಅಂತೆ. ಅವರು ಇಲ್ಲಿಗೇ ಹೊರಟಿದಾರಂತೆ, ಹೆಗಲು ಕೊಡೋಕೆ."

"ಬರ್ಲಿ," ಎಂದಳು ಅವಳು. "ನಾನೂ ಅವನಿಗೇ ಕಾಯ್ತಿರೋದು."

*

ಅವಳ ಗಂಡನನ್ನು ಬಂದರಿನಲ್ಲಿ ಎಲ್ಲರೂ ಗುಡುಗು ಎನ್ನುತ್ತಿದ್ದರು. ಇಂಜಿನ್ನಿನ ಸದ್ದನ್ನು ಮೀರಿ ಕೂಗಿ ಕೂಗಿ ಗಂಟಲು ಹಾಗೆಯೇ ನಿಂತುಬಿಟ್ಟಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಮೂರನೇ ಮನೆಯವರು ಉಪ್ಪಿನ ಡಬ್ಬಿ ಹುಡುಕಬೇಕು. ವಿನಯ ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ. "ಈ ಬಂದರಿನ ಬಾಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ನುಗ್ಗಿಸ್ತೀನಿ" ಎಂದು ಊಟಕ್ಕೆ ಬಂದವರಿಗೆಲ್ಲ ಹೇಳುವರು. ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಆ ಬಂದರಿನ ಬಾಯಿಗೆ ಎರಡು ಕಡೆ ಕಲ್ಲಿನ ಗೋಡೆ. ನಡುವೆ ನೀರು ಸುಮ್ಮನಿರುವುದಿಲ್ಲ. ಒಳಗೆ ಬರುವ ದೋಣಿಯನ್ನು ಬಲಗಡೆಯ ಗೋಡೆಗೆ ಸೆಳೆಯುತ್ತದೆ. ಅದಕ್ಕೇ ಬಲ್ಲವರು ಮೂತಿಯನ್ನು ಮೊದಲೇ ಎಡಗಡೆಯ ಗೋಡೆಗೆ ತಿರುಗಿಸುತ್ತಾರೆ. ನೋಡುವವರಿಗೆ ಈಗ ಬಡಿಯಿತು ಅನ್ನಿಸಬೇಕು, ಅಷ್ಟರಲ್ಲಿ ನೀರೇ ದೋಣಿಯನ್ನು ಎತ್ತಿಕೊಂಡು ನಟ್ಟನಡುವೆ ಇಡುತ್ತದೆ. ಇದು ಬಂದರಿನ ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ತರಬೇತಿ ಕೇಂದ್ರದ ಯಂತ್ರಕ್ಕೆ ಮಾತ್ರ.

ಹೊಸ ನಿಯಮ ಬಂತು. ಎಷ್ಟೇ ವರ್ಷ ನಡೆಸಿದ ಮಾಸ್ಟರ್ ಆದರೂ ಸರಿ, ಸಿಮ್ಯುಲೇಟರಿನ ಕೋಣೆಯಲ್ಲಿ ಪರೀಕ್ಷೆ ಕೊಟ್ಟು ಪಾಸಾದರೆ ಮಾತ್ರ ಸರ್ಟಿಫಿಕೇಟು ಮುಂದುವರಿಯುತ್ತದೆ. ಸುತ್ತ ಪರದೆ, ಪರದೆಯ ತುಂಬ ಚಿತ್ರದ ಸಮುದ್ರ, ನಡುವೆ ನಿಜವಾದ ಚುಕ್ಕಾಣಿ. ಪರೀಕ್ಷಕನಾಗಿ ಕೂತವನು ಬೇರೆ ಯಾರೂ ಅಲ್ಲ, ಹಿಂದೆ ಇವರ ಕೈಕೆಳಗೆ ಕೆಲಸ ಕಲಿತ ಮರಿ. ಇವರೇ ಅವನಿಗೆ ಮರಿ ಎಂದು ಹೆಸರಿಟ್ಟಿದ್ದು. ಕಲಿಯುವಾಗ ಅವನು ಇವರ ಮನೆಯಲ್ಲೇ ಉಂಡವನು, ಅವಳನ್ನು ಅಕ್ಕ ಅಂದವನು.

ಇವರು ಹೋದರು. ಚಿತ್ರದ ಬಂದರಿನ ಬಾಯಿ ಬಂತು. ಕೈ ತಾನಾಗಿ ಮೂತಿಯನ್ನು ಎಡಕ್ಕೆ ತಿರುಗಿಸಿತು. ನೀರು ಎತ್ತಿಕೊಳ್ಳಲಿ ಎಂದು ಕಾದರು. ಅಲ್ಲಿ ಎತ್ತಿಕೊಳ್ಳುವ ನೀರೇ ಇರಲಿಲ್ಲ. ಟಗ್ಗು ಸೀದಾ ಹೋಗಿ ಎಡಗಡೆಯ ಗೋಡೆಗೆ ಬಡಿಯಿತು.

"ಸೆಳೆತ ಎಲ್ಲಿ ಹೋಯ್ತೋ?" ಎಂದು ಗುಡುಗಿದರಂತೆ.

ಪಕ್ಕದಲ್ಲಿ ಕೂತಿದ್ದ ಕೇಂದ್ರದ ಅಧಿಕಾರಿ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದನಂತೆ. ಮರಿ ನಗಲಿಲ್ಲವಂತೆ. ಆದರೆ ಬಾಯೂ ಬಿಡಲಿಲ್ಲ. ಕಾಗದದ ಮೇಲೆ ಫೇಲ್ ಎಂದು ಬರೆದ.

ಇನ್ನೊಂದು ಸಲ ಕೂರಲು ಅವಕಾಶವಿತ್ತು. ಅಷ್ಟಕ್ಕೆ ಸಿದ್ಧವಾಗಲೆಂದೇ ಅವರು ಕಂಪ್ಯೂಟರಿನಲ್ಲಿ ಹಡಗು ನಡೆಸುವ ಆಟವೊಂದನ್ನು ಕೊಂಡುತಂದದ್ದು. ಊಟದ ಮೇಜಿನ ಅರ್ಧ ಅದಕ್ಕೆ ಹೋಯಿತು. ಆಟ ಅಂದರೆ ಗುಂಡು ಹಾರುವ ಆಟವಲ್ಲ. ನಿಲ್ಲು ಎಂದರೂ ಹಡಗು ತನ್ನ ಪಾಡಿಗೆ ತಾನು ಹೋಗುತ್ತಲೇ ಇರುತ್ತದೆ, ನಿಜದ ಹಡಗಿನ ಹಾಗೆ. ನೆರೆಮನೆಯ ಮಕ್ಕಳು ಬಂದು ನೋಡಿ, ಆಕಳಿಸಿ, ಎದ್ದು ಹೋಗುವರು. ಅದನ್ನು ಆಡುವವರೆಲ್ಲ ಹೆಚ್ಚುಕಡಿಮೆ ಇವರಂಥವರೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಯಾವಯಾವುದೋ ದೇಶದ ಕ್ಯಾಪ್ಟನ್ನುಗಳು, ಇಂಜಿನಿಯರುಗಳು, ದಿನವಿಡೀ ನಿಜವಾದ ಹಡಗಿನಲ್ಲಿ ಬೆಂದುಬಂದು ಸಂಜೆಗೆ ಮತ್ತೆ ಚಿತ್ರದ ಹಡಗು ಹತ್ತುವರು. ಅವರದ್ದೊಂದು ಕೂಟ. ಹಗ್ಗ ಎಷ್ಟು ಜೋಲಬೇಕು ಎಂಬುದಕ್ಕೆ ವಾರಗಟ್ಟಲೆ ಜಗಳ. ಆ ಕೂಟದಲ್ಲಿ ಪ್ರತಿಯೊಬ್ಬನೂ ತನ್ನ ಹೆಸರಿನ ಪಕ್ಕ ತನ್ನ ಸರ್ಟಿಫಿಕೇಟು ಯಾವುದೆಂದು ಹಾಕಿಕೊಳ್ಳುವುದು ರೂಢಿ. ಇವರು ಹಾಕಿಕೊಳ್ಳಲಿಲ್ಲ.

"ಮಾಸ್ಟರ್ ಅಂತ ಹಾಕ್ರೀ, ಅಲ್ಲಿ ಯಾರು ಬಂದು ನೋಡ್ತಾರೆ," ಎಂದು ಅವಳೇ ಹೇಳಿದ್ದಳು.

"ಫೇಲಾದೋನು ಹೆಂಗೆ ಹಾಕ್ಕೊಳ್ಳೋದೇ? ಪಾಸಾಗ್ಲಿ, ದಪ್ಪ ಅಕ್ಷರದಲ್ಲಿ ಹಾಕ್ಕೋತೀನಿ."

ಅದೇ ಕೂಟದ ದೂರದ ಗೆಳೆಯನೊಬ್ಬ, ಮುಖ ಕಾಣದವನು, ನಕ್ಷೆ ನೋಡಿಕೊಂಡು ಇವರ ಬಂದರನ್ನೇ ಆಟದಲ್ಲಿ ಕಟ್ಟಿಕೊಟ್ಟ. "ನೀರಿಗೆ ಸೆಳೆತ ಹಾಕಲೇ?" ಎಂದು ಕೇಳಿದ. "ಬೇಡ, ಪರೀಕ್ಷೆಯಲ್ಲಿ ಇಲ್ಲ" ಎಂದು ಇವರು ಎರಡು ಬೆರಳಲ್ಲಿ ಕುಟ್ಟಿ ಉತ್ತರ ಕಳಿಸಿದರು. ಆವತ್ತು ಅವರು ಗುಡುಗಲಿಲ್ಲ ಎಂಬುದನ್ನು ಅವಳು ಗಮನಿಸಿದ್ದಳು.

ಹೀಗೆ ಶುರುವಾಯಿತು ಕಲಿತದ್ದನ್ನು ಮರೆಯುವ ವಿದ್ಯೆ. ಅವಳು ಸೌಟು ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರುವಳು. ಬಂದರಿನ ಬಾಯಿ ಹತ್ತಿರ ಬಂದೊಡನೆ ಅವರ ಕೈ ಎಡಕ್ಕೆ ಹೋಗುವುದು. ಅವಳು ಮಣಿಕಟ್ಟಿಗೆ ಸೌಟಿನಲ್ಲಿ ತಟ್ಟುವಳು: "ಅಲ್ಲಿ ನೀರಿಲ್ಲ ರೀ!"

"ಇಲ್ಲ, ಇಲ್ಲ. ಗೊತ್ತು ಕಣೇ."

"ಗೊತ್ತಿದ್ರೆ ಕೈ ಯಾಕೆ ಹೋಗುತ್ತೆ?"

"ಅದು ನನ್ನ ಮಾತು ಎಲ್ಲಿ ಕೇಳುತ್ತೆ!"

ಇಬ್ಬರೂ ನಗುವರು. ಅಂತೂ ಇಂತೂ ಸೌಟಿಲ್ಲದೆಯೂ ಸತ್ತ ನೀರಿನಲ್ಲಿ ಸೀದಾ ಬರುವುದನ್ನು ಅವರು ಕಲಿತರು. ಇನ್ನೊಂದು ಪರೀಕ್ಷೆಗೆ ಹೊಸ ಅಂಗಿ ತೊಟ್ಟು ಹೋದರು. ಸುತ್ತ ಪರದೆ, ಕೈಯಲ್ಲಿ ನಿಜವಾದ ಚುಕ್ಕಾಣಿ, ಎದುರಿಗೆ ತಮ್ಮದೇ ಬಂದರು. ಪಕ್ಕದಲ್ಲಿ ಅವಳಿರಲಿಲ್ಲ. ಕೈ ಎಡಕ್ಕೆ ಹೋಯಿತು.

ಎರಡನೇ ಫೇಲ್ ಆದಮೇಲೆ ಗೇಟಿಗೆ ಹಾಕಿದರು. ಲಾರಿಗಳ ಪಾಸು ನೋಡುವ ಕೆಲಸ. ಸಂಜೆ ಮನೆಗೆ ಬಂದು ಆ ದೂರದ ಗೆಳೆಯನಿಗೆ "ಈಗ ಸೆಳೆತ ಹಾಕು" ಎಂದು ಕಳಿಸಿದರು. ಆಮೇಲೆ ದಿನಾ ಆ ಚಿತ್ರದ ಬಂದರಿನೊಳಗೆ ಮೂತಿ ಎಡಕ್ಕೆ ಮಾಡಿ ನುಗ್ಗುವರು. ದಿನಾ ನೀರು ಎತ್ತಿ ನಡುವೆ ಇಡುವುದು. ಆಟದಲ್ಲಿ ಟಗ್ಗಿನ ಹಗ್ಗ ಹರಿಯುವ ರೀತಿ ಸರಿಯಿಲ್ಲ ಎಂದು ಇವರೊಮ್ಮೆ ಬರೆದರೆ ಆಟ ಮಾಡಿದವರು ಅದನ್ನು ತಿದ್ದಿ, ಉಪಕಾರವಾಯಿತು ಎಂದು ಮಾರುತ್ತರ ಕಳಿಸಿದ್ದರು. ಎಲ್ಲಿಯೋ ಕೂತು ಆಟಿಕೆ ಮಾಡುವವರಿಗೆ ಇದ್ದ ಕಿವಿ, ರಸ್ತೆಯಾಚೆ ಕೂತು ಜನರ ಅನ್ನದ ಮೇಲೆ ಸಹಿ ಹಾಕುವವರಿಗೆ ಇರಲಿಲ್ಲ.

*

ಅಂಗಳದ ಬೇಲಿಯಾಚೆ ಜನ ಸೇರಿ ಗುಸುಗುಸು ಶುರುವಾಗಿತ್ತು. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಹತ್ತಿರ ಬಂದು, ಸಮಾಧಾನ ಹೇಳುವವರ ದನಿಯಲ್ಲಿ, "ನೀವು ಹೀಗೆ ಮನಸ್ಸಿಗೆ ಹಚ್ಚಿಕೋಬಾರದು. ಅವರು ಕೊನೆಗಾಲ ಸುಖವಾಗೇ ಕಳೆದ್ರು. ಪಾಪ, ಮಕ್ಕಳ ಹಾಗೆ ಆಟ ಆಡ್ಕೊಂಡಿದ್ರು" ಎಂದರು.

"ಆಟ ಅಲ್ಲ ಸ್ವಾಮಿ," ಎಂದಳು ಅವಳು. "ನೀವು ಆಡೋದು ಇಸ್ಪೀಟು, ಅದು ಆಟ."

ಗುಮಾಸ್ತರು ಕೆಮ್ಮಿ ಹಿಂದೆ ಸರಿದರು. ಟಗ್ಗಿನವರಲ್ಲಿ ಇಬ್ಬರು ತಲೆ ತಗ್ಗಿಸಿ ನಗು ನುಂಗಿದರು. ಸತ್ತವರು ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು ಎಂದು ಅವರಿಗೂ ಗೊತ್ತಿತ್ತು.

ಆಗ ಒಬ್ಬ ಹೆಣ್ಣುಮಗಳು ಬಂದಳು. ಈ ಬಂದರಿನಲ್ಲಿ ಟಗ್ ಮಾಸ್ಟರ್ ಸರ್ಟಿಫಿಕೇಟು ಪಡೆದ ಮೊದಲ ಹೆಂಗಸು. ಪಡೆದು ಇನ್ನೂ ಒಂದು ತಿಂಗಳಾಗಿಲ್ಲ. ವರ್ಷವಿಡೀ ಸಂಜೆ ಬಂದು ಇದೇ ಊಟದ ಮೇಜಿಗೆ ಕೂತು ಗುಡುಗಣ್ಣನ ಬೈಗುಳ ತಿಂದವಳು. ಎಣ್ಣೆ ಮೆತ್ತಿದ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಚಟ್ಟದ ಮುಂದೆ ಕೂತು ಅಳುವಷ್ಟು ಅತ್ತು, ಮುಖ ಒರೆಸಿಕೊಂಡು ಅವಳ ಕೈ ಹಿಡಿದಳು.

"ಅಣ್ಣ ಇಲ್ದಿದ್ರೆ ನಾನೆಲ್ಲಿ ಪಾಸಾಗ್ತಿದ್ದೆ ಅಕ್ಕ. ಪರೀಕ್ಷೇಲಿ ಬಂದರಿನ ಬಾಯಿ ಹತ್ರ ಸೆಳೆತ ಬಂತು. ನನ್ನ ಮುಂಚೆ ಹೋದ ಇಬ್ಬರು ಬಲಗಡೆ ಗೋಡೆಗೆ ಬಡಿದು ಫೇಲಾದ್ರು. ನಾನು ಇಲ್ಲಿ ಕೂತು ದಿನಾ ಮಾಡಿದ್ದೆನಲ್ಲ, ಮೂತಿ ಎಡಕ್ಕೆ..."

"ಏನಂದೆ?"

"ಮೂತಿ ಎಡಕ್ಕೆ ಇಟ್ಟು..."

"ಅದಲ್ಲ. ಪರೀಕ್ಷೇಲಿ ಏನು ಬಂತು ಅಂದೆ?"

ಹೆಣ್ಣುಮಗಳು ಸುತ್ತ ನೋಡಿದಳು. ಬಾಯಿಂದ ಬಿದ್ದದ್ದು ಏನೆಂದು ಅವಳಿಗೆ ಆಗ ಹೊಳೆಯಿತು. "ಸೆಳೆತ," ಎಂದಳು ಮೆಲ್ಲಗೆ. "ಈಗ ಇದೆ ಅಕ್ಕ. ಹೋದ ವರ್ಷ ಆ ಕಲ್ಲು ಸಾಗಿಸೋ ದೋಣಿ ಗೋಡೆಗೆ ಉಜ್ಜಿ ಇಬ್ಬರ ಕಾಲು ಹೋಯ್ತಲ್ಲ, ನಡೆಸ್ತಿದ್ದೋನು ಹಳೇ ಯಂತ್ರದಲ್ಲಿ ಪಾಸಾದೋನು. ಅದಾದ ಮೇಲೆ ಕೇಂದ್ರದವರು ಸೇರಿಸಿದ್ರು."

ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ್ದರು. ಹಾಕಿದವರು ಊರಿಗೆ ಹೇಳಲಿಲ್ಲ. ಹೇಳಿದರೆ ಮೊದಲು ಬಾಗಿಲು ಇರಲಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ. ಅಂದರೆ ಗಂಡ ಮಾಡಿದ್ದಕ್ಕೆ ಅಂದು ಫೇಲ್, ಅದನ್ನೇ ಮಾಡದಿದ್ದರೆ ಇಂದು ಫೇಲ್.

"ಇವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಪಾಸಾದ ದಿನ ನಾನೇ ಹೇಳ್ದೆ. ನಕ್ಕರು. 'ಸದ್ಯ, ಇನ್ನು ಯಾರೂ ಗೋಡೆಗೆ ಬಡಿಯಲ್ಲ' ಅಂದ್ರು. ಅಕ್ಕನಿಗೆ ಹೇಳಬೇಡ, ಸೌಟು ತಗೊಂಡು ಆಫೀಸಿಗೆ ಹೋಗ್ತಾಳೆ ಅಂದ್ರು."

ಅವಳು ಗಂಡನ ಮುಖ ನೋಡಿದಳು. ಆ ಕ್ಷಣ ಅಳು ಬರಲಿಲ್ಲ, ಕೋಪ ಬಂತು. ಸತ್ತವರ ಮೇಲೂ ಬಂತು. ನಕ್ಕರಂತೆ! ಲೋಕಕ್ಕೆಲ್ಲ ಗುಡುಗಿದವರು, ಗುಡುಗಬೇಕಾದ ಒಂದು ದಿನ ನಕ್ಕು ಮನೆಗೆ ಬಂದು ಅನ್ನ ಹಾಕು ಅಂದಿದ್ದರು.

*

ಅನ್ನದ ನೆನಪಾದೊಡನೆ ಅವಳಿಗೆ ಇನ್ನೊಂದು ದಿನ ನೆನಪಾಯಿತು.

ಗೇಟಿನಿಂದ ಬಂದವರು ಅಂದು ಚಪ್ಪಲಿ ಬಿಡುವ ಮೊದಲೇ ಕೂಗಿದ್ದರು. "ಲೇ, ಇವತ್ತು ಮರಿ ಬಂದಿದ್ದ ಕಣೇ! ಗೇಟಿನ ಗೂಡಿನಲ್ಲಿ ನನ್ನ ಪಕ್ಕ ಕೂತು ಚಹಾ ಕುಡಿದ."

"ಏನಂತೆ ದೊಡ್ಡ ಮನುಷ್ಯರಿಗೆ?"

"ಸೆಳೆತ ಕೇಳಿದ. ಯಾವ ಹೊತ್ತಿಗೆ ಎಷ್ಟಿರುತ್ತೆ, ಮಳೆಗಾಲದಲ್ಲಿ ಹೆಂಗೆ, ಅಮಾವಾಸ್ಯೆ ಆಸುಪಾಸು ಹೆಂಗೆ, ಎಲ್ಲಾ ಕೇಳಿದ. ಮೇಜಿನ ಮೇಲೆ ಚಹಾ ಚೆಲ್ಲಿ ಬೆರಳಲ್ಲಿ ಬರೆದು ತೋರಿಸ್ದೆ. ಹುಡುಗನಿಗೆ ಇನ್ನೂ ಕಲಿಯೋ ಆಸೆ ಇದೆ."

"ನಿಮ್ಮ ಸರ್ಟಿಫಿಕೇಟಿನ ಮಾತು ಬಂತಾ?"

"ಅದೆಲ್ಲ ಗೇಟಲ್ಲಿ ಮಾತಾಡೋ ವಿಷಯವಾ? ಕೇಳೋಕೆ ನನ್ನ ಹತ್ರವೇ ಬಂದ ನೋಡು, ಅದು ಮುಖ್ಯ."

ಅಂದು ಎರಡು ಸಲ ಕೇಳಿ ಬಡಿಸಿಕೊಂಡು ಉಂಡಿದ್ದರು. ಮರಿ ಯಾಕೆ ಬಂದಿದ್ದನೆಂದು ಅವಳು ಕೇಳಿರಲಿಲ್ಲ. ಇಷ್ಟು ದಿನಕ್ಕೆ ಉತ್ತರ ಬಂದಿತ್ತು. ಅವರಿಂದಲೇ ಅಳೆದುಕೊಂಡು ಹೋಗಿ, ಅವರನ್ನು ಅದೇ ಗೇಟಿನಲ್ಲಿ ಬಿಟ್ಟು, ಯಂತ್ರಕ್ಕೆ ನೀರು ತುಂಬಿಸಿದ್ದ.

*

ಪರೀಕ್ಷಕ ಬಿಳಿ ಸಮವಸ್ತ್ರದಲ್ಲಿ ಬಂದ. ಭುಜದ ಮೇಲೆ ಬಂಗಾರದ ಪಟ್ಟಿ, ಸೊಂಟದಲ್ಲಿ ಕರಕರ ಎನ್ನುವ ರೇಡಿಯೊ. ಕೂತ ಟಗ್ಗಿನವರು ಏಳಲಿಲ್ಲ. ಅವನು ಹೂವಿನ ಹಾರವನ್ನು ಚಟ್ಟದ ಮೇಲಿಟ್ಟು, ಕಣ್ಣು ಮುಚ್ಚಿ ನಿಂತು, ಆಮೇಲೆ ಅವಳ ಕಡೆ ತಿರುಗಿದ. ಮುಖ ನಿಜಕ್ಕೂ ಬಾಡಿತ್ತು.

"ಅಕ್ಕ, ಏನು ಹೇಳ್ಬೇಕೋ ತಿಳೀತಿಲ್ಲ. ಅವರೇ ನನಗೆ ಗುರು."

"ಬಾ ಮರಿ. ಗುರುಗಳ ಹೆಸರಿನ ಕೆಳಗೆ ಏನು ಬರೆಸಿದೀಯ, ನೋಡಿದ್ಯಾ?"

"ಅದು ಆಫೀಸಿನ ರೀತಿ ಅಕ್ಕ. ಕೊನೇ ಹುದ್ದೆ ಯಾವುದೋ ಅದು. ನಾಳೆ ನಾನು ಆಫೀಸಲ್ಲಿ ಮಾತಾಡಿ..."

"ನಾಳೆ ಇವರು ಎಲ್ಲಿರ್ತಾರೆ?"

ಅವಳು ಚಟ್ಟ ಬಳಸಿ ಅವನೆದುರಿಗೆ ಬಂದು ನಿಂತಳು. ಅವನ ಎದೆಮಟ್ಟಕ್ಕಿದ್ದಳು, ಆದರೂ ಹೆಜ್ಜೆ ಹಿಂದಿಟ್ಟವನು ಅವನೇ.

"ಯಂತ್ರದಲ್ಲಿ ಈಗ ಸೆಳೆತ ಇದೆಯಂತಲ್ಲ. ಹೌದಾ?"

ಮರಿ ಆ ಹೆಣ್ಣುಮಗಳ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. "ನಾನೇ ಹೇಳ್ದೆ ಸಾರ್," ಎಂದಳು. "ನಂದು ಹೊಸ ಸರ್ಟಿಫಿಕೇಟು, ಬೇಕಾದ್ರೆ ಕಿತ್ಕೊಳ್ಳಿ. ಆದ್ರೆ ಅಣ್ಣ ಮಾಡಿದ್ದನ್ನೇ ಮಾಡಿ ನಾನು ಪಾಸಾದೆ, ಅದು ನಿಮಗೂ ಗೊತ್ತು."

"ಪರದೆ ಮೇಲೆ ಬಡೀತು ಅಕ್ಕ. ಎರಡು ಸಲವೂ ಬಡೀತು," ಎಂದ ಮರಿ. "ಬಡಿದರೆ ಫೇಲ್ ಅಂತ ನಿಯಮ. ನಾನು ನೋಡಿದ್ದನ್ನ ಬರೆದೆ."

"ನೋಡಿದ್ದನ್ನ ಬರೆದೆ. ಗೊತ್ತಿದ್ದದ್ದನ್ನ ಯಾಕೆ ಬರೀಲಿಲ್ಲ?"

ವ್ಯಾನಿನವನು ಹಾರ್ನ್ ಮರೆತು ಕಿಟಕಿಯಿಂದ ತಲೆ ಹೊರಹಾಕಿದ್ದ.

"ನಿನಗೆ ಆ ನೀರು ಗೊತ್ತಿರಲಿಲ್ವಾ? ಚುಕ್ಕಾಣಿ ಮೇಲೆ ನಿನ್ನ ಕೈ, ನಿನ್ನ ಕೈ ಮೇಲೆ ಇವರ ಕೈ ಇಟ್ಟು ಕಲಿಸಿದ್ದು ಅದೇ ಬಾಯಲ್ಲಿ ಅಲ್ವಾ? ಪಕ್ಕದಲ್ಲಿ ಕೂತೋನು ನಗುವಾಗ ನೀನು ಒಂದು ಮಾತು, ಒಂದೇ ಒಂದು ಮಾತು, 'ಸಾರ್, ಅಲ್ಲಿ ಸೆಳೆತ ಇದೆ' ಅನ್ಬೋದಿತ್ತಲ್ಲ. ಹೋಗ್ಲಿ, ಆವತ್ತು ಹೊಸ ಕೆಲಸ, ಹೆದರಿದೆ. ಆಮೇಲೆ? ಗೇಟಿಗೆ ಬಂದು ಇವರ ಹತ್ರವೇ ಕೇಳ್ಕೊಂಡು ಹೋದೆಯಲ್ಲ, ಆಗ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಅಲ್ವಾ?"

"ಹಳೇ ಫಲಿತಾಂಶ ತಿದ್ದೋಕೆ ನಿಯಮದಲ್ಲಿ ಅವಕಾಶ ಇಲ್ಲ ಅಕ್ಕ. ನಾನು ವಿಚಾರಿಸ್ದೆ."

"ಯಾರನ್ನ?"

ಯಾರನ್ನೂ ವಿಚಾರಿಸಿರಲಿಲ್ಲ ಎಂಬುದು ಅವನ ಮುಖದ ಮೇಲೇ ಬರೆದಿತ್ತು.

ಸೊಂಟದ ರೇಡಿಯೊ ಕರಕರ ಎಂದಿತು. ಬಂದರಿನ ಹೊರಗೆ ಹಡಗೊಂದು ಬಂದು ನಿಂತಿದೆ, ಒಳಗೆ ತರಲು ಒಂದು ಟಗ್ಗೂ ಕಾಣುತ್ತಿಲ್ಲ, ಜನ ಎಲ್ಲಿ ಎಂದು ಯಾರೋ ಕೂಗುತ್ತಿದ್ದ. ಮರಿ ಕೂತವರ ಕಡೆ ನೋಡಿದ. ಬಂದರಿನ ಟಗ್ಗಿನ ಜನವೆಲ್ಲ ಇಲ್ಲೇ, ಚಟ್ಟದ ಸುತ್ತ ನೆಲದ ಮೇಲೆ ಇದ್ದರು.

"ಹೋಗಿ ಅಜ್ಜ, ಹಡಗು ಕಾಯ್ತಿದೆ."

"ಕಾಯ್ಲಿ ಬಿಡಿ ಸಾರ್," ಎಂದ ಹಗ್ಗದಜ್ಜ. "ನಾವು ಹೆಣ ಎತ್ತೋಕೆ ರಜೆ ಹಾಕಿ ಬಂದಿದೀವಿ. ಹೆಣ ಇನ್ನೂ ಎತ್ತಿಲ್ಲ."

ಮೈದುನ ನಡುವೆ ಬಂದು, ಕೈ ಮುಗಿದು, "ಏನೋ ಒಂದು ಬರೆದುಬಿಡಿ ಸಾರ್, ಮಧ್ಯಾಹ್ನಕ್ಕೆ ಅಳಿಸಿದ್ರಾಯ್ತು" ಎಂದ. ಬುದ್ಧಿವಂತಿಕೆಯ ಮಾತಾಡಿದೆ ಎಂದುಕೊಂಡಿದ್ದ. ಅವಳು ಅವನನ್ನು ನೋಡಿದ ನೋಟಕ್ಕೆ ತಾನಾಗಿ ಪಕ್ಕಕ್ಕೆ ಸರಿದ.

"ಮರಿ," ಎಂದಳು ಅವಳು. ಈಗ ದನಿ ಏರಿಸಲಿಲ್ಲ. "ಹಡಗಿಗೋಸ್ಕರ ಬರೀಬೇಡ. ಜನ ನೋಡ್ತಿದಾರೆ ಅಂತಲೂ ಬೇಡ. ಹಾಗೆ ಬರೆಯೋದಾದ್ರೆ ಗೇಟ್ ಸಿಬ್ಬಂದಿ ಅಂತಲೇ ಇರ್ಲಿ, ಗೇಟಲ್ಲೂ ಇವರು ಮರ್ಯಾದೆಯಾಗಿ ಕೆಲಸ ಮಾಡಿದಾರೆ. ಇವರು ಯಾರಾಗಿದ್ರು ಅಂತ ನಿನಗೆ ಗೊತ್ತಿದ್ರೆ, ನೀನೇ ಹೋಗಿ, ನಿನ್ನ ಕೈಯಿಂದ ಬರಿ."

ರೇಡಿಯೊ ಮತ್ತೆ ಕೂಗಿತು. ಮರಿ ಅದನ್ನು ಸೊಂಟದಿಂದ ತೆಗೆದ. ಆಮೇಲೆ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸಿ, ಚಟ್ಟದ ಕಾಲ ಬಳಿ ನೆಲದ ಮೇಲಿಟ್ಟ.

"ಸೀಮೆಸುಣ್ಣ ಇದೆಯಾ?" ಎಂದ.

"ಸೀಮೆಸುಣ್ಣ ಯಾಕೆ ಸಾರ್," ಎನ್ನುತ್ತ ಹಗ್ಗದಜ್ಜ ಎದ್ದ. ಮೊಣಕಾಲು ಹಿಡಿದುಕೊಂಡು ರಸ್ತೆ ದಾಟಿ ಹೋಗಿ, ಗೇಟಿನ ಪಕ್ಕದ ಸಾಮಾನಿನ ಕೊಠಡಿಯಿಂದ ಒಂದು ಡಬ್ಬಿಯನ್ನೂ ಗಟ್ಟಿಯಾದ ಕುಂಚವನ್ನೂ ಎತ್ತಿ ತಂದ. ಟಗ್ಗಿನ ತಳಕ್ಕೆ ಹೊಡೆಯುವ ಕೆಂಪು ಬಣ್ಣ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೂತರೂ ಬಿಡದಂಥದ್ದು. ಡಬ್ಬಿಯ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಯಾರೂ ಬಿಚ್ಚಿಕೊಡಲಿಲ್ಲ. ಮರಿ ಉಗುರು ಹಾಕಿ ಎಬ್ಬಿಸಿ, ಎಬ್ಬಿಸಲಾಗದೆ ಕಲ್ಲಿಗೆ ಕುಟ್ಟಿ, ಕೊನೆಗೆ ಕಿತ್ತಾಗ ಅರ್ಧ ಬಣ್ಣ ಕೈಮೇಲೆ ಚೆಲ್ಲಿತು.

ಅವಳು ಗೇಟಿನವರೆಗೆ ಹೋದಳು. ಅಂಗಳದ ಜನವೆಲ್ಲ ಹಿಂದೆ ಬಂದರು. ಆಫೀಸಿನ ಕಿಟಕಿಗಳಲ್ಲೂ ತಲೆಗಳು ಕಾಣಿಸಿಕೊಂಡವು, ಒಳಗಿನಿಂದ ಯಾರೋ ಮರಿಯ ಹುದ್ದೆ ಹಿಡಿದು ಎರಡು ಸಲ ಕರೆದರು. ಅವನು ತಿರುಗಲಿಲ್ಲ. ಸೀಮೆಸುಣ್ಣದ ಅಕ್ಷರಗಳನ್ನು ಅಂಗೈಯಲ್ಲಿ ಒರೆಸಿದ. ಒರೆಸಿದ ಕಡೆಯೆಲ್ಲ ಕೆಂಪು ಮೆತ್ತಿಕೊಂಡಿತು. ಅದರ ಮೇಲೆಯೇ ಬರೆಯತೊಡಗಿದ. ಹಗ್ಗ ಹಿಡಿದ ಕೈ, ಪೆನ್ನು ಹಿಡಿದ ಕೈ, ಕುಂಚ ಹಿಡಿದು ಅಭ್ಯಾಸವಿಲ್ಲ. ಅಕ್ಷರಗಳು ಸೊಟ್ಟಗೆ ದಪ್ಪಗೆ ಬಂದವು, ಕೆಳಗಿಂದ ಬಣ್ಣ ಸೋರಿತು. ಟಗ್ ಮಾಸ್ಟರ್.

"ಓದು," ಎಂದಳು ಅವಳು.

"ಟಗ್ ಮಾಸ್ಟರ್."

"ಆ ಕಿಟಕಿಗಳಿಗೆ ಕೇಳಿಸಲಿ."

ಹತ್ತು ಮಂದಿಗೆ ಅಪ್ಪಣೆ ಕೊಡುವವನು, ಹೊಸದಾಗಿ ಓದಲು ಕಲಿತವನಂತೆ, ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದ. ಅವಳು ತಲೆಯಾಡಿಸಿದಳು, ಅಷ್ಟೇ. ಸಾಕು ಎಂದೂ ಅನ್ನಲಿಲ್ಲ, ಒಳ್ಳೆಯದು ಎಂದೂ ಅನ್ನಲಿಲ್ಲ.

"ಎತ್ತಿ," ಎಂದಳು, ಅಂಗಳದ ಕಡೆ ತಿರುಗಿ.

ಟಗ್ಗಿನವರು ಅಂಗಳಕ್ಕೆ ಮರಳಿ ಎತ್ತಿದರು. ಮುಂದಿನ ಎಡ ಮೂಲೆಗೆ ಆ ಹೆಣ್ಣುಮಗಳು ಹೆಗಲು ಕೊಟ್ಟಳು; ಬೇಡ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ. ವ್ಯಾನಿಗೆ ಹತ್ತಿಸುವ ಬದಲು ಗೇಟಿನವರೆಗೆ ಹೆಗಲ ಮೇಲೆಯೇ ತಂದರು. ಮರಿ ಓಡಿ ಬಂದು ಹಿಂದಿನ ಮೂಲೆಯ ಹತ್ತಿರ ನಿಂತ, ಕೈ ಮುಂದೆ ಮಾಡಿದ. ಆ ಮೂಲೆ ಹೊತ್ತಿದ್ದವನು ಹಗ್ಗದಜ್ಜ.

"ಕೈ ನೋಡ್ಕೊಳ್ಳಿ ಸಾರ್," ಎಂದ ಅಜ್ಜ. "ಬಿಳಿ ಬಟ್ಟೆ."

ಮರಿ ಕೈಗಳನ್ನು ನೋಡಿಕೊಂಡ. ಮಣಿಕಟ್ಟಿನವರೆಗೆ ಹಸಿ ಕೆಂಪು. ಅವಳ ಹೆಗಲ ಮೇಲೆ ಬೆಳಗಿನಿಂದ ಇದ್ದ ಒದ್ದೆ ಟವೆಲಿನ ಮೇಲೆ ಅವನ ಕಣ್ಣು ಹೋಯಿತು. ಅದು ಅವಳಿಗೆ ಕಂಡಿತು. ಅವಳು ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಚಟ್ಟದ ಪಕ್ಕ ನಡೆದಳು. ಅವನು ಎರಡೂ ಕೈಗಳನ್ನು ಬಿಳಿ ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡು, ಏನನ್ನೂ ಮುಟ್ಟಲಾರದೆ, ಎಲ್ಲರ ಹಿಂದೆ ನಡೆದು ಬಂದ.